ಉತ್ತರ ಸರಿ, ಲೆಕ್ಕ ತಪ್ಪು: 5 : 3ರ ಒಂದು ಮಲ್ಲಿಗೆ ಲೆಕ್ಕದ ಪ್ರಕರಣ

ಉಡುಪಿ ಜಿಲ್ಲೆಯ ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ಬದಿಯ ಒಂದು ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ. ಅನುಪಾತ ಮತ್ತು ಸಮಾನುಪಾತದ ಪಾಠ ಮುಗಿದಿತ್ತು. ಕಿರುಪರೀಕ್ಷೆಯ ಕೊನೆಯ ಪ್ರಶ್ನೆ ಮೂರು ಅಂಕದ್ದು:

"ಎರಡು ಮನೆಯವರು ಏಪ್ರಿಲ್ ತಿಂಗಳಲ್ಲಿ ಮಾರಿದ ಮಲ್ಲಿಗೆಯ ಅನುಪಾತ 5 : 3. ಮೊದಲ ಮನೆಯವರು ಎರಡನೆಯ ಮನೆಯವರಿಗಿಂತ 120 ಚೆಂಡು ಹೆಚ್ಚು ಮಾರಿದರು. ಎರಡೂ ಮನೆಯವರು ಸೇರಿ ಮಾರಿದ್ದು ಎಷ್ಟು ಅಟ್ಟೆ?"

ಈ ಬದಿಯವರಿಗೆ ಚೆಂಡು, ಅಟ್ಟೆ ಹೊಸತಲ್ಲ. ಘಟ್ಟದ ಮೇಲಿನವರಿಗಾಗಿ ಹೇಳಬೇಕೆಂದರೆ, ಬಾಳೆನಾರಿನಲ್ಲಿ ಕಟ್ಟಿದ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂವು. ಬೆಳಗ್ಗೆ ಎದ್ದು ಮನೆಯವರ ಜೊತೆ ಹೂ ಕಟ್ಟಿ ಶಾಲೆಗೆ ಬರುವ ಮಕ್ಕಳಿರುವ ತರಗತಿಗೆ ಇದಕ್ಕಿಂತ ಹತ್ತಿರದ ಲೆಕ್ಕ ಹುಡುಕುವುದು ಕಷ್ಟ. ಪ್ರಶ್ನೆ ತೆಗೆದ ಟೀಚರಿನ ಉದ್ದೇಶವೂ ಅದೇ.

ಉತ್ತರಸೂಚಿ ನೇರವಾಗಿದೆ. ಮೊದಲ ಮನೆಗೆ 5 ಪಾಲು, ಎರಡನೆಯದಕ್ಕೆ 3 ಪಾಲು, ವ್ಯತ್ಯಾಸ 2 ಪಾಲು. ಆ 2 ಪಾಲಿಗೆ 120 ಚೆಂಡಾದರೆ 1 ಪಾಲಿಗೆ 60. ಒಟ್ಟು 8 ಪಾಲು, ಅಂದರೆ 480 ಚೆಂಡು. ನಾಲ್ಕರಿಂದ ಭಾಗಿಸಿದರೆ 120 ಅಟ್ಟೆ.

ತಿದ್ದುವಾಗ ಕೊನೆಯ ಸಾಲಿನಲ್ಲಿ 120 ಕಂಡಲ್ಲೆಲ್ಲ ಮೂರಕ್ಕೆ ಮೂರು ಬಿತ್ತು. ತರಗತಿ ಚೆನ್ನಾಗಿ ಮಾಡಿದೆ ಎಂದೇ ತೋರಿತು. ಪುಸ್ತಕ ವಾಪಸು ಕೊಡುವಾಗ ಒಂದು ಹುಡುಗಿಯ ಹಾಳೆಯ ನಡುವಿನ ಸಾಲುಗಳು ಕಣ್ಣಿಗೆ ಬಿದ್ದವು:

5 + 3 = 8
120 ÷ 8 = 15
15 × 5 = 75, 15 × 3 = 45
75 + 45 = 120

ಕೆಳಗೆ "120 ಅಟ್ಟೆ" ಎಂದು ಎರಡು ಗೆರೆ ಎಳೆದು ಬರೆದಿದ್ದಾಳೆ. ಇಲ್ಲಿ ಎರಡು ತಪ್ಪಿದೆ. ಹೆಚ್ಚುವರಿ 120ನ್ನು ಒಟ್ಟು ಎಂದು ಓದಿದ್ದು ಮೊದಲನೆಯದು. ಚೆಂಡನ್ನು ಅಟ್ಟೆಗೆ ತಿರುಗಿಸದೆಯೇ ಅಟ್ಟೆ ಎಂದು ಬರೆದದ್ದು ಎರಡನೆಯದು. ಎರಡೂ ಸೇರಿ ಉತ್ತರಸೂಚಿಯ ಸಂಖ್ಯೆಗೇ ತಂದು ನಿಲ್ಲಿಸಿವೆ. ಕೊಟ್ಟ ಸಂಖ್ಯೆಯನ್ನು ಎಂಟು ಪಾಲು ಮಾಡಿ ಮತ್ತೆ ಎಂಟನ್ನೂ ಕೂಡಿಸಿದರೆ ಹೊರಟ ಸಂಖ್ಯೆಯೇ ಬರುತ್ತದೆ ಎಂಬುದು ಅವಳಿಗೂ ಹೊಳೆದಿಲ್ಲ, ತಿದ್ದಿದವರಿಗೂ ಹೊಳೆದಿಲ್ಲ. ಮೂರು ಅಂಕದ ಹಾಳೆಗಳನ್ನೆಲ್ಲ ಮತ್ತೆ ತೆಗೆದು ನೋಡಬೇಕಾಯಿತು.

ಹಾಳೆಗಳಲ್ಲಿ ಇದ್ದದ್ದು

ಗುಣಾಕಾರ, ಭಾಗಾಕಾರದಲ್ಲಿ ಎಡವಿದವರು ಇರಲಿಲ್ಲವೆಂದೇ ಹೇಳಬೇಕು. ಎಡವಟ್ಟು ಆದದ್ದು ಅದಕ್ಕೂ ಮೊದಲು, 120ನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ. ಬೇರೆ ಬೇರೆ ಹಾಳೆಗಳಲ್ಲಿ ಅದು ಕೂತ ಜಾಗ ನೋಡಿ:

120 ಎರಡೂ ಮನೆಯ ಒಟ್ಟು ಎಂದು ಓದಿದವರಿಗೆ 75 ಮತ್ತು 45.
120 ಮೊದಲ ಮನೆಯದ್ದು ಎಂದವರಿಗೆ ಪಾಲಿಗೆ 24. 120 ಮತ್ತು 72.
120 ಎರಡನೆಯ ಮನೆಯದ್ದು ಎಂದವರಿಗೆ ಪಾಲಿಗೆ 40. 200 ಮತ್ತು 120.
120 ವ್ಯತ್ಯಾಸ ಎಂದು ಸರಿಯಾಗಿ ಓದಿದವರಿಗೆ ಪಾಲಿಗೆ 60. 300 ಮತ್ತು 180.

ನಾಲ್ಕು ಓದಿಗೂ ಶೇಷವಿಲ್ಲದ ಉತ್ತರ ಬರುತ್ತದೆ, ಏಕೆಂದರೆ 5, 3, 8, 2 ಇವುಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 120. ಟೀಚರ್ ಇದನ್ನು ಲೆಕ್ಕ ಹಾಕಿ ಇಟ್ಟದ್ದಲ್ಲ, ತಾನಾಗಿ ಒದಗಿ ಬಂದದ್ದು. ಆದರೂ ಪ್ರಶ್ನೆ ತೆಗೆಯುವವರಿಗೆ ಇದು ಒಳ್ಳೆಯ ಉಪಾಯ. ಕೊಡುವ ಸಂಖ್ಯೆ ಎರಡೂ ಪದಗಳಿಗೆ, ಅವುಗಳ ಮೊತ್ತಕ್ಕೆ, ವ್ಯತ್ಯಾಸಕ್ಕೆ ಭಾಗವಾಗುವಂತಿದ್ದರೆ ತಪ್ಪು ಓದಿದ ಮಗುವಿಗೆ ದಶಮಾಂಶ ಬಂದು ಸುಳಿವು ಸಿಗುವುದಿಲ್ಲ, ಮತ್ತು ಉತ್ತರ ನೋಡಿದ ಕೂಡಲೇ ಎಲ್ಲಿ ತಪ್ಪಿದೆ ಎಂದು ತಿದ್ದುವವರಿಗೆ ಗೊತ್ತಾಗುತ್ತದೆ. ವ್ಯತ್ಯಾಸ 16 ಎಂದು ಕೊಟ್ಟಿದ್ದರೆ ಮೊದಲ ಮನೆಯದ್ದೆಂದು ಓದಿದವರು 16 ÷ 5 ಹೋಗದೆ ಅಲ್ಲೇ ನಿಂತು, ಪಕ್ಕದವರ ಪುಸ್ತಕ ನೋಡುತ್ತಿದ್ದರು.

ಇವಲ್ಲದೆ ಇನ್ನೊಂದು ಜಾತಿಯ ಉತ್ತರ ಇತ್ತು: 125 ಮತ್ತು 123. ಐದಕ್ಕೆ 120 ಕೂಡಿಸಿದೆ, ಮೂರಕ್ಕೆ 120 ಕೂಡಿಸಿದೆ. ನೋಡಿದರೆ ನಗು ಬರುತ್ತದೆ, ಆದರೆ ಉಳಿದೆಲ್ಲಕ್ಕಿಂತ ಆಳದ ತಪ್ಪು ಇದೇ. ಈ ಮಗುವಿಗೆ 5 : 3 ಎಂದರೆ "ಎರಡು ಹೆಚ್ಚು"; ಎಷ್ಟು ದೊಡ್ಡದಾದರೂ ಆ ಎರಡು ಉಳಿದರೆ ಸಾಕು. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕ ರಾಬರ್ಟ್ ಕಾರ್ಪ್ಲಸ್ ಮಕ್ಕಳ ಮುಂದೆ ಇಟ್ಟ ಲೆಕ್ಕದಲ್ಲೂ ಇದೇ ಕಂಡದ್ದು. ಗುಂಡಿ (ಬಟನ್) ಜೋಡಿಸಿ ಅಳೆದರೆ ಗಿಡ್ಡ ಮನುಷ್ಯನ ಎತ್ತರ 4 ಗುಂಡಿ, ಉದ್ದದವನದ್ದು 6 ಗುಂಡಿ. ಗಿಡ್ಡನನ್ನು ಕಾಗದದ ಕ್ಲಿಪ್ಪಿನಿಂದ ಅಳೆದರೆ 6 ಕ್ಲಿಪ್ಪು, ಉದ್ದದವನಿಗೆ ಎಷ್ಟು? 9 ಬರಬೇಕಾದಲ್ಲಿ "ಎರಡು ಹೆಚ್ಚು, ಆದ್ದರಿಂದ 8" ಎಂದವರು ಬಹಳ. ಕೂಡಿಸುವ ಈ ಯೋಚನೆ ಊರು, ಭಾಷೆ ನೋಡಿ ಬರುವುದಿಲ್ಲ.

ಕನ್ನಡ ವಾಕ್ಯ ಎಲ್ಲಿ ಜಾರಿಸುತ್ತದೆ

120 ಹೆಚ್ಚುವರಿ ಎಂದು ಹೇಳುವ ಕೆಲಸ ಇಡೀ ವಾಕ್ಯದಲ್ಲಿ "ಗಿಂತ" ಎಂಬ ಎರಡು ಅಕ್ಷರದ ಮೇಲಿದೆ. ಅದೂ "ಮನೆಯವರಿಗಿಂತ" ಎಂಬ ಉದ್ದ ಪದದ ಬಾಲದಲ್ಲಿ ಅಂಟಿಕೊಂಡಿದೆ. ಮಕ್ಕಳ ಕಣ್ಣು ಸಂಖ್ಯೆಯಿಂದ ಸಂಖ್ಯೆಗೆ ಹಾರುತ್ತದೆ: 5, 3, 120, ಅಟ್ಟೆ. ನಡುವಿನ "ಗಿಂತ" ಹಾಗೆಯೇ ದಾಟಿ ಹೋಗುತ್ತದೆ. ಜೋರಾಗಿ ಓದಿಸಿದಾಗಲೂ ಅನೇಕರು ಅದನ್ನು ನುಂಗಿಕೊಂಡೇ ಓದಿದರು.

ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗೆ ಟೀಚರ್ ಪುಸ್ತಕ ಮುಚ್ಚಿಸಿ ಕೇಳಿದ್ದು ಎರಡೇ ಪ್ರಶ್ನೆ. "ಏರೆನ ಜಾಸ್ತಿ? ಏತ್ ಜಾಸ್ತಿ?" ಯಾರದ್ದು ಹೆಚ್ಚು, ಎಷ್ಟು ಹೆಚ್ಚು. ಪುಸ್ತಕದ ಕನ್ನಡದಲ್ಲಿ ತಡವರಿಸಿದವರೇ ಇದಕ್ಕೆ ಥಟ್ಟನೆ ಉತ್ತರ ಕೊಟ್ಟರು. ಲೆಕ್ಕ ಬರೆಯುವ ಮೊದಲು ಮನೆಮಾತಿನಲ್ಲಿ ಒಮ್ಮೆ ಹೇಳಿಸುವುದಕ್ಕೆ ಅರ್ಧ ನಿಮಿಷ ಸಾಕು. ಅದರಿಂದ ಕನ್ನಡ ಹಾಳಾಗುತ್ತದೆ ಎಂಬ ಭಯಕ್ಕೆ ಅರ್ಥವಿಲ್ಲ.

ಅನುಪಾತದ ಕ್ರಮದಲ್ಲೂ ಒಂದು ಗುಂಡಿ ಇದೆ, ಈ ಪ್ರಶ್ನೆ ಅದರಿಂದ ತಪ್ಪಿಸಿಕೊಂಡಿದೆ ಅಷ್ಟೆ. ಇಂಗ್ಲಿಷಿನಿಂದ ತಂದ ಪ್ರಶ್ನೆಗಳಲ್ಲಿ "ಹುಡುಗಿಯರಿಗೆ ಹುಡುಗರ ಅನುಪಾತ" ಎಂದಿರುತ್ತದೆ. ಬರೆದವರ ಮನಸ್ಸಿನಲ್ಲಿ ಹುಡುಗರು ಮೊದಲ ಪದ. ಕನ್ನಡದಲ್ಲಿ ಓದುವ ಮಗುವಿಗೆ ಮೊದಲು ಸಿಗುವುದು ಹುಡುಗಿಯರು. ಅಂಕಿ ತಿರುಗುಮುರುಗು. ಮಗುವಿನದ್ದು ಇದರಲ್ಲಿ ತಪ್ಪೇನೂ ಇಲ್ಲ. "ಹುಡುಗರ ಸಂಖ್ಯೆಗೂ ಹುಡುಗಿಯರ ಸಂಖ್ಯೆಗೂ ಇರುವ ಅನುಪಾತ" ಎಂದು ಬರೆದರೆ ಹೇಳಿದ ಕ್ರಮವೇ ಬರೆಯುವ ಕ್ರಮವಾಗುತ್ತದೆ.

ಚೆನ್ನೆಮಣೆ, ಆಮೇಲೆ ಚೌಕ

ಮರುಪಾಠಕ್ಕೆ ಎರಡು ಪಿರಿಯಡ್ ತೆಗೆದಿಟ್ಟರು. ಮೊದಲನೆಯದರಲ್ಲಿ ಪೆನ್ಸಿಲು ಮುಟ್ಟಿಸಲಿಲ್ಲ. ಆಟಿ ತಿಂಗಳಲ್ಲಿ ಆಡುವ ಚೆನ್ನೆಮಣೆ ಶಾಲೆಗೆ ಬಂತು. ಅದರಲ್ಲಿ ಎದುರುಬದುರು ಏಳೇಳು ಗುಳಿ. ಮೇಲಿನ ಸಾಲಿನಲ್ಲಿ ಐದು ಗುಳಿ ಮೊದಲ ಮನೆಗೆ, ಕೆಳಗಿನ ಸಾಲಿನಲ್ಲಿ ಮೂರು ಗುಳಿ ಎರಡನೆಯ ಮನೆಗೆ. ನಿಯಮ ಒಂದೇ: ಎಲ್ಲ ಗುಳಿಗೂ ಒಂದೇ ಲೆಕ್ಕದ ಬೀಜ.

ಗುಳಿಗೆ ಒಂದು ಬೀಜ ಹಾಕಿದಾಗ 5 ಮತ್ತು 3, ವ್ಯತ್ಯಾಸ 2. ಎರಡೆರಡು ಹಾಕಿದಾಗ 10 ಮತ್ತು 6, ವ್ಯತ್ಯಾಸ 4. ಮೂರು ಮೂರಾದಾಗ 15 ಮತ್ತು 9, ವ್ಯತ್ಯಾಸ 6. 125, 123 ಬರೆದ ಹುಡುಗ ಇಲ್ಲಿ ನಿಂತ. ಐದೂ ಗುಳಿ, ಮೂರೂ ಗುಳಿ ಹಾಗೇ ಇವೆ, ಆದರೆ "ಎರಡು ಹೆಚ್ಚು" ಉಳಿಯಲಿಲ್ಲ. ಅವನಿಂದಲೇ ಗುಳಿಗೆ ನಾಲ್ಕು ಹಾಕಿಸಿ, ಎಣಿಸುವ ಮೊದಲು ವ್ಯತ್ಯಾಸ ಎಷ್ಟು ಬಂದೀತು ಎಂದು ಕೇಳಿದಾಗ ಎಂಟು ಎಂದ. ಎಣಿಸುವ ಮೊದಲು ಹೇಳಿಸುವುದು ಮುಖ್ಯ. ಎಣಿಸಿ ಹೇಳಿದರೆ ಅದು ಬರೀ ಎಣಿಕೆಯೇ ಆಗಿ ಉಳಿಯುತ್ತದೆ.

ಮಣೆಗೂ ಒಂದು ಮಿತಿ ಇದೆ. ಗುಳಿಗೆ 60 ಬೀಜ ಹಾಕಲಾಗದು. ಹಾಗಾಗಿ ಎರಡನೆಯ ಪಿರಿಯಡ್ಡಿನಲ್ಲಿ ಗುಳಿಯ ಬದಲು ಚೌಕಗೆರೆಯ ಪುಸ್ತಕದ ಚೌಕ. ಅನುಪಾತವನ್ನು ಉದ್ದ ಪಟ್ಟಿಯ ಚಿತ್ರ ಬರೆದು ತೋರಿಸುವ ಈ ಕ್ರಮ ಸಿಂಗಾಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಿಂದ ರೂಢಿಯಲ್ಲಿದೆ. ಇಲ್ಲಿ ಅದಕ್ಕೆ ಬೇಕಾದದ್ದು ಪೆನ್ಸಿಲು, ರಬ್ಬರು ಅಷ್ಟೆ. ಮೇಲಿನ ಸಾಲಿನಲ್ಲಿ ಐದು ಚೌಕ. ಅದರ ಕೆಳಗೆ, ಎಡ ಅಂಚಿಗೆ ಸರಿಯಾಗಿ, ಮೂರು ಚೌಕ. ಎಡ ಅಂಚು ಕೂಡಲೇಬೇಕು. ಕೂಡಿದರೆ ಬಲಗಡೆ ಮೇಲಿನ ಸಾಲಿನ ಎರಡು ಚೌಕ ಹೊರಗೆ ಚಾಚಿ ನಿಲ್ಲುತ್ತವೆ; "ಗಿಂತ" ಕಣ್ಣಿಗೆ ಕಾಣುವುದು ಅಲ್ಲಿ. ಕೆಳಗಿನ ಸಾಲನ್ನು ನಡುವಿನಲ್ಲಿ ಬರೆದ ಮಕ್ಕಳಿಗೆ ಎರಡೂ ಬದಿಯಲ್ಲಿ ಒಂದೊಂದು ಚೌಕ ಚಾಚಿ, ವ್ಯತ್ಯಾಸ ಒಂದೋ ಎರಡೋ ಎಂದು ಗೊಂದಲವಾಯಿತು.

ಚಿತ್ರ ಬರೆದ ಮೇಲೆ ಒಂದೇ ಪ್ರಶ್ನೆ: 120 ಎಷ್ಟು ಚೌಕದ ಮೇಲೆ ಕೂರುತ್ತದೆ? ಮೊದಲು ಬೆರಳಿನಿಂದ ತೋರಿಸಬೇಕು, ಆಮೇಲೆ ಆ ಚೌಕಗಳ ಮೇಲೆ ಕಮಾನು ಎಳೆದು 120 ಬರೆಯಬೇಕು. ಭಾಗಾಕಾರ ಅದಾದ ಮೇಲೆ. 75, 45 ಬರೆದಿದ್ದ ಹುಡುಗಿಯ ಜೊತೆ ನಡೆದ ಮಾತು ಹೀಗಿತ್ತು:

"ಈ 120 ಯಾರದ್ದು?"
"ಇಬ್ಬರದ್ದೂ ಟೀಚರ್."
"ವಾಕ್ಯದಲ್ಲಿ ಇಬ್ಬರದ್ದು ಅಂತ ಎಲ್ಲಿ ಉಂಟು, ತೋರಿಸು."
ಬೆರಳು ಸಾಲಿನ ಮೇಲೆ ಹೋಗಿ "ಎರಡೂ ಮನೆಯವರು ಸೇರಿ"ಯಲ್ಲಿ ನಿಂತಿತು.
"ಅದು ಕೇಳಿದ್ದಾ, ಕೊಟ್ಟದ್ದಾ?"
ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಕೇಳಿದ್ದು."

ಅವಳ ತಪ್ಪಿನ ಬೇರು ಇಲ್ಲಿ ಸಿಕ್ಕಿತು. "ಗಿಂತ" ಅವಳಿಗೆ ಗೊತ್ತಿತ್ತು. ಕೊನೆಯ ವಾಕ್ಯದ "ಸೇರಿ" ಎಂಬ ಮಾತು ಹಿಂದಕ್ಕೆ ಹೋಗಿ 120ಕ್ಕೆ ಅಂಟಿಕೊಂಡಿತ್ತು. ಪ್ರಶ್ನೆಯಲ್ಲಿ ಕೊಟ್ಟದ್ದರ ಕೆಳಗೆ ಒಂದು ಗೆರೆ, ಕೇಳಿದ್ದರ ಕೆಳಗೆ ಎರಡು ಗೆರೆ ಎಂಬ ಹಳೆಯ ರೂಢಿಯನ್ನು ಅವಳಿಗಾಗಿ ಮತ್ತೆ ತಂದರು. ಬೇರೆಯವರಿಗೆ ಅದರ ಅಗತ್ಯ ಬೀಳಲಿಲ್ಲ.

ಚೌಕ ಬರೆದವರೆಲ್ಲ ಗೆದ್ದರು ಎಂದೇನೂ ಇಲ್ಲ. ಹೊಸ ತಪ್ಪುಗಳು ಬಂದವು. ಕೆಲವರು ಚಾಚಿದ ಎರಡು ಚೌಕದ ಒಳಗೆ ಒಂದೊಂದರಲ್ಲೂ 120 ಬರೆದರು. ಆಗ ಪಾಲಿಗೆ 120, ಮನೆಗಳಿಗೆ 600 ಮತ್ತು 360. ಕಮಾನನ್ನು ಚೌಕದ ಹೊರಗೆ, ಮೇಲ್ಗಡೆ ಎಳೆಸಿದರೆ ಇದು ಕಡಿಮೆಯಾಗುತ್ತದೆ: ಒಳಗೆ ಬರೆದದ್ದು ಒಂದು ಪಾಲಿನದ್ದು, ಕಮಾನಿನ ಮೇಲೆ ಬರೆದದ್ದು ಅಷ್ಟೂ ಪಾಲಿನದ್ದು. ಗೆರೆಯಿಲ್ಲದ ಹಾಳೆ ಬಳಸಿದವರು ಎರಡೂ ಸಾಲು ಒಂದೇ ಉದ್ದ ಬರುವಂತೆ ಕೆಳಗಿನ ಮೂರು ಪಾಲನ್ನು ಎಳೆದು ಅಗಲ ಮಾಡಿದರು. ಪಾಲು ಸಮ ಎಂಬ ಮೂಲ ಮಾತೇ ಅಲ್ಲಿಗೆ ಮುರಿಯಿತು. ಒಬ್ಬ 120 ಚೌಕ ಬರೆಯಲು ಹೊರಟಿದ್ದ.

ಟೀಚರ್ ಅಡ್ಡಗುಣಾಕಾರವನ್ನು ಈ ಹಂತದಲ್ಲಿ ಬೇಕೆಂದೇ ದೂರ ಇಟ್ಟರು, ಅದು ಸರಿ. 5/3 = 120/x ಎಂದು ಬರೆದ ಮಗು 120ನ್ನು ಮೊದಲ ಮನೆಯದ್ದೆಂದು ಒಪ್ಪಿಕೊಂಡೇ ಬರೆದಿರುತ್ತದೆ; ಸೂತ್ರ ಆ ತಪ್ಪನ್ನು ಮುಚ್ಚಿ ಮುಂದೆ ಹೋಗುತ್ತದೆ. ಗೊತ್ತಿರುವ ಮೂರು ಸಂಖ್ಯೆಯಿಂದ ನಾಲ್ಕನೆಯದನ್ನು ಕಾಣುವ ನಮ್ಮ ಹಳೆಯ ತ್ರೈರಾಶಿಕದಲ್ಲೂ ಮೂರು ರಾಶಿಗೆ ಪ್ರಮಾಣ, ಫಲ, ಇಚ್ಛಾ ಎಂದು ಬೇರೆ ಬೇರೆ ಹೆಸರು. ಪ್ರಮಾಣ ಮತ್ತು ಇಚ್ಛಾ ಒಂದೇ ಜಾತಿಯವಾಗಿರಬೇಕು ಎಂಬ ಕಟ್ಟು ಮೊದಲು, ಗುಣಿಸಿ ಭಾಗಿಸುವುದು ಆಮೇಲೆ.

ಪ್ರಶ್ನೆಯನ್ನೇ ರಿಪೇರಿ ಮಾಡಿದ್ದು

ಮಕ್ಕಳದ್ದು ಒಂದು ದಾರಿಗೆ ಬಂತು. ಇನ್ನು ಪ್ರಶ್ನೆಯ ಸರದಿ. ತಪ್ಪು ಲೆಕ್ಕಕ್ಕೂ ಸರಿಯುತ್ತರ ಬರುವ ಪ್ರಶ್ನೆಯನ್ನು ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುವಂತಿಲ್ಲ. ಮೊದಲಿಗೆ ಟೀಚರ್ 120ರ ಬದಲು 96 ಹಾಕಿ ನೋಡಿದರು. ಪಾಲಿಗೆ 48, ಒಟ್ಟು 384 ಚೆಂಡು, ನಾಲ್ಕರಿಂದ ಭಾಗಿಸಿದರೆ 96 ಅಟ್ಟೆ. ಮತ್ತೆ ಕೊಟ್ಟ ಸಂಖ್ಯೆಯೇ! ಸರಿ, ಒಟ್ಟು ಬೇಡ, ಎರಡನೆಯ ಮನೆಯವರದ್ದು ಮಾತ್ರ ಕೇಳೋಣ ಎಂದು 120ಕ್ಕೇ ವಾಪಸು ಬಂದರು. ಸರಿಯುತ್ತರ 180 ಚೆಂಡು, 45 ಅಟ್ಟೆ. ತಪ್ಪು ಓದಿನಲ್ಲಿ ಬರುವುದು 45 ಚೆಂಡು. ಇಲ್ಲೂ ಅದೇ ಅಂಕಿ.

ಕಾರಣ ಹುಡುಕಿದರೆ ಸರಳ. 5 : 3ರಲ್ಲಿ ಮೊತ್ತ 8, ವ್ಯತ್ಯಾಸ 2, ಒಂದು ಇನ್ನೊಂದರ ನಾಲ್ಕು ಪಟ್ಟು. ಹಾಗಾಗಿ ಕೊಟ್ಟದ್ದನ್ನು ಒಟ್ಟು ಎಂದು ಓದಿದರೆ ಪ್ರತಿ ಉತ್ತರವೂ ಸರಿಯಾದದ್ದರ ಕಾಲು ಭಾಗ. ಚೆಂಡನ್ನು ಅಟ್ಟೆ ಮಾಡುವುದೂ ಕಾಲು ಭಾಗ ಮಾಡುವುದೇ. ಅಟ್ಟೆಗೆ ನಾಲ್ಕು ಚೆಂಡು ಇರುವಷ್ಟು ಕಾಲ, 5 : 3 ಇಟ್ಟುಕೊಂಡು ಯಾವ ಸಂಖ್ಯೆ ಕೊಟ್ಟರೂ, ಯಾವ ಮನೆಯದ್ದು ಕೇಳಿದರೂ, ಎರಡು ತಪ್ಪು ಒಂದನ್ನೊಂದು ಮುಚ್ಚುತ್ತವೆ. ಬದಲಿಸಬೇಕಾದದ್ದು ಅನುಪಾತವನ್ನು.

ಆದರೆ ಏನಾದರೂ ಹಾಕಿದರೆ ಆಗುವುದಿಲ್ಲ. 4 : 1 ಇಟ್ಟರೆ ಎರಡನೆಯ ಮನೆಗೆ ಒಂದೇ ಪಾಲು, ಕೊಟ್ಟ ಸಂಖ್ಯೆಯನ್ನು ಎರಡನೆಯ ಮನೆಯದ್ದೆಂದು ಓದಿದವರೂ, ಪ್ರತಿ ಚೌಕದೊಳಗೆ ಬರೆದವರೂ ಒಂದೇ ಉತ್ತರಕ್ಕೆ ಬರುತ್ತಾರೆ, ಯಾರು ಯಾವ ತಪ್ಪು ಮಾಡಿದ್ದೆಂದು ತಿಳಿಯದು. 3 : 2 ಇಟ್ಟರೆ ವ್ಯತ್ಯಾಸವೇ ಒಂದು ಪಾಲು, ಭಾಗಿಸುವ ಹೆಜ್ಜೆ ಬೇಡವೇ ಬೇಡ. 5 : 2 ಒಗ್ಗುತ್ತದೆ: ಮೊತ್ತ 7, ವ್ಯತ್ಯಾಸ 3. ಈ ನಾಲ್ಕಕ್ಕೂ, ಅಂದರೆ 5, 2, 7, 3ಕ್ಕೆ, ಲ.ಸಾ.ಅ. 210. ವ್ಯತ್ಯಾಸ 210 ಎಂದು ಕೊಟ್ಟರೆ ಪಾಲಿಗೆ 70, ಮೊದಲ ಮನೆಗೆ 350 ಚೆಂಡು. ತಿಂಗಳಿಗೆ 350 ಚೆಂಡು ಎಂದರೆ ದಿನಕ್ಕೆ ಮೂರು ಅಟ್ಟೆಯ ಹತ್ತಿರ. ಹೂವಿನ ಮನೆಯ ಮಕ್ಕಳು "ಅಷ್ಟೆಲ್ಲ ಯಾರು ಕೊಯ್ತಾರೆ" ಎಂದು ತಕರಾರು ತೆಗೆಯುವಂತಿಲ್ಲ.

ಬದಲಿಸಿದ ಪ್ರಶ್ನೆಗೆ ಒಂದು ಉಪಪ್ರಶ್ನೆಯೂ ಸೇರಿತು, ಅನುಪಾತ ಎಲ್ಲಿ ಹಾಕಬಾರದು ಎಂದು ನೋಡಲಿಕ್ಕೆ. ಪಾಠ ಮುಗಿದ ಹುರುಪಿನಲ್ಲಿ ಮಕ್ಕಳು ಕಂಡದ್ದನ್ನೆಲ್ಲ ಪಟ್ಟು ಮಾಡುತ್ತಾರೆ. ಮಂಗಳೂರಿನಿಂದ ಉಡುಪಿಗೆ ಒಂದು ಬಸ್ಸು ಒಂದೂವರೆ ಗಂಟೆಯಲ್ಲಿ ಬಂದರೆ, ಒಟ್ಟಿಗೇ ಹೊರಟ ಎರಡು ಬಸ್ಸು ಬರಲು ಎಷ್ಟು ಹೊತ್ತು ಎಂದರೆ ಮೂರು ಗಂಟೆ ಎಂದು ಬರೆದು ಕೊಡುವವರು ಇದ್ದೇ ಇರುತ್ತಾರೆ.

ಹೊಸ ಹಾಳೆಯಲ್ಲಿ ಅಚ್ಚಾದದ್ದು ಇದು:

"ಎರಡು ಮನೆಯವರು ಏಪ್ರಿಲ್ ತಿಂಗಳಲ್ಲಿ ಮಾರಿದ ಮಲ್ಲಿಗೆಯ ಅನುಪಾತ 5 : 2. ಎರಡನೆಯ ಮನೆಯವರು ಮಾರಿದ್ದಕ್ಕಿಂತ ಮೊದಲ ಮನೆಯವರು 210 ಚೆಂಡು ಹೆಚ್ಚು ಮಾರಿದರು. (ಅ) ಚೌಕ ಬರೆದು 210 ಎಲ್ಲಿ ಕೂರುತ್ತದೆ ಎಂದು ಗುರುತಿಸಿ. (ಆ) ಪ್ರತಿ ಮನೆಯವರು ಮಾರಿದ್ದು ಎಷ್ಟು ಚೆಂಡು? (ಇ) ಅದನ್ನೇ ಅಟ್ಟೆ ಮತ್ತು ಚೆಂಡಿನಲ್ಲಿ ಬರೆಯಿರಿ. (ಈ) ಮೊದಲ ಮನೆಯಲ್ಲಿ ಒಬ್ಬರು ಒಂದು ಚೆಂಡು ಕಟ್ಟಲು ಒಂದು ಗಂಟೆ ಬೇಕು. ಎರಡನೆಯ ಮನೆಯಲ್ಲೂ ಒಬ್ಬರಿಗೆ ಒಂದು ಗಂಟೆಯೇ ಬೇಕು. ಇಬ್ಬರೂ ಒಂದೇ ಹೊತ್ತಿಗೆ ಶುರು ಮಾಡಿ ಒಂದೊಂದು ಚೆಂಡು ಕಟ್ಟಿದರೆ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ?"

ಉತ್ತರಸೂಚಿಯಲ್ಲಿ (ಅ)ಗೆ ಒಂದು ಅಂಕ, ಬಲಕ್ಕೆ ಚಾಚಿದ ಮೂರು ಚೌಕದ ಮೇಲೆ ಕಮಾನು ಇದ್ದರೆ ಮಾತ್ರ. (ಆ)ಗೆ ಒಂದು: ಪಾಲಿಗೆ 70, 350 ಮತ್ತು 140. (ಇ)ಗೆ ಒಂದು: 87 ಅಟ್ಟೆ 2 ಚೆಂಡು, 35 ಅಟ್ಟೆ. (ಈ)ಗೆ ಅರ್ಧ: ಒಂದು ಗಂಟೆ. ಅದರ ಕೆಳಗೆ ತಿದ್ದುವವರಿಗಾಗಿ ಪೆನ್ಸಿಲಿನಲ್ಲಿ: 150 ಮತ್ತು 60 ಬಂದರೆ ಒಟ್ಟು ಎಂದು ಓದಿದ್ದು, 210 ಮತ್ತು 84 ಬಂದರೆ ಮೊದಲ ಮನೆ, 525 ಮತ್ತು 210 ಬಂದರೆ ಎರಡನೆಯ ಮನೆ, 1,050 ಮತ್ತು 420 ಬಂದರೆ ಚೌಕದ ಒಳಗೆ ಬರೆದದ್ದು, 215 ಮತ್ತು 212 ಬಂದರೆ ಮಗುವನ್ನು ಚೆನ್ನೆಮಣೆಯ ಹತ್ತಿರ ಕರೆಯಿರಿ.